ಹಸುಗಳ ಒಂದು ಗಂಟೆ ಕದ್ದವರು

ವರ್ಷಕ್ಕೆ ಎರಡು ಸಲ, ತಪ್ಪದೆ, ಯಾರೋ ನನ್ನ ಗಡಿಯಾರಕ್ಕೆ ಕೈ ಹಾಕುತ್ತಾರೆ. ಆಮೇಲೆ ಒಂದಲ್ಲ ಒಂದು ಅವಾಂತರ ಆಗಿಯೇ ತೀರುತ್ತದೆ. ಜಗಳಕ್ಕೆ ಹೋದರೆ ಎಲ್ಲರದೂ ಒಂದೇ ಉತ್ತರ: "ಬರೀ ಒಂದು ಗಂಟೆ ತಾನೆ?" ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಮೈಸೂರಿನವಳು. ಮಲೇಷ್ಯಾದ ಪೆಟಾಲಿಂಗ್ ಜಯಾದ ಒಂದು ಅಪಾರ್ಟ್‌ಮೆಂಟಿನ ಹತ್ತೊಂಬತ್ತನೇ ಮಹಡಿಯಲ್ಲಿ ನಮ್ಮ ಮನೆ. ಹೈನುಗಾರರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸ. ಕೊಟ್ಟಿಗೆಯ ಗೇಟು ಎಷ್ಟು ಹೊತ್ತಿಗೆ ತೆರೆಯಬೇಕು, ಹಿಂಡಿ ಎಷ್ಟು ಬೀಳಬೇಕು, ಯಾವ ಹಸು ಎಷ್ಟು ಹಾಲು ಕೊಟ್ಟಿತು, ಇದನ್ನೆಲ್ಲ ನಮ್ಮ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ರೈತರು ಇರುವುದು ಆಸ್ಟ್ರೇಲಿಯಾದಲ್ಲಿ. ಅವರಿಗೆ ಏನಾದರೂ ಕೆಟ್ಟರೆ ಫೋನು ಬರುವುದು ನನಗೆ. ಅವರ ಬೆಳಿಗ್ಗೆ ಎಂಟಕ್ಕೆ ನನ್ನ ಡ್ಯೂಟಿ ಶುರು. ಇಲ್ಲಿ ಆಗ ಆರು ಗಂಟೆ. ಅಲ್ಲಿಯವರು ಅಕ್ಟೋಬರ್ ಬಂತೆಂದರೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಏಪ್ರಿಲ್‌ನಲ್ಲಿ ವಾಪಸ್ ಹಿಂದಕ್ಕೆ ತರುತ್ತಾರೆ. ಆ ಆರು ತಿಂಗಳು ನನ್ನ ಡ್ಯೂಟಿ ಐದಕ್ಕೆ. ನಾನಿರುವ ಊರಿನಲ್ಲೋ, ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟಿ ಒಂದೇ ಹೊತ್ತಿಗೆ ಮುಳುಗುತ್ತಾನೆ. ಅವನಿಗಿರುವ ಶಿಸ್ತು ಮನುಷ್ಯರಿಗಿಲ್ಲ.

ಬೆಳಕು ಉಳಿಸುವ ಕೆಲಸ

ಆ ವರ್ಷ ಮಾವ ನಮ್ಮ ಮನೆಯಲ್ಲಿದ್ದರು. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ಹಾಲಿನ ಸೊಸೈಟಿಯ ಸೆಕ್ರೆಟರಿಯಾಗಿ ನಿವೃತ್ತರಾದವರು. ಮೊಮ್ಮಗಳನ್ನು ನೋಡಿಕೊಂಡು ಹೋಗೋಣ ಎಂದು ಒಂದು ತಿಂಗಳಿಗೆ ಬಂದಿದ್ದರು. ಕೊರೋನಾ ಬಂತು, ವಿಮಾನ ನಿಂತಿತು, ಮಾವ ಉಳಿದರು. ನನ್ನ ಗಂಡನಿಗೆ ಕ್ಲಾಂಗ್ ಬಂದರಿನಲ್ಲಿ ಕೆಲಸ. ಹಡಗುಗಳಿಗೆ ಲಾಕ್‌ಡೌನ್ ಇಲ್ಲವಾದ್ದರಿಂದ ಪಾಸ್ ಹಿಡಿದುಕೊಂಡು ದಿನಾ ಹೋಗುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ನಾನು, ಮಾವ, ಎಂಟು ವರ್ಷದ ಮಗಳು, ಮತ್ತೆ ಫೋನಿನಲ್ಲಿ ಆಸ್ಟ್ರೇಲಿಯಾದ ಹಸುಗಳು.

ಅಕ್ಟೋಬರ್‌ನ ಮೊದಲ ಸೋಮವಾರ ಐದು ಗಂಟೆಗೇ ಹಾಲ್‌ನಲ್ಲಿ ಲೈಟು ಹಾಕಿಕೊಂಡು ಕುಳಿತಿದ್ದೆ. ಮಾವ ಕಣ್ಣುಜ್ಜಿಕೊಳ್ಳುತ್ತಾ ಎದ್ದು ಬಂದರು.

"ಯಾಕವ್ವಾ ಇಷ್ಟು ಬೇಗ? ನಿನ್ನೆ ಮೊನ್ನೆಗಂಟ ಆರಕ್ಕಲ್ವಾ ಕೂರ್ತಿದ್ದಿದ್ದು?"

"ಅಲ್ಲಿ ಟೈಮ್ ಬದಲಾಯ್ತು ಮಾವ. ಬೇಸಿಗೆ ಬಂತಲ್ಲ, ಗಡಿಯಾರ ಮುಂದೆ ಹಾಕಿದ್ದಾರೆ."

"ಯಾಕೆ?"

"ಬೆಳಕು ಉಳಿಸೋಕೆ."

ಮಾವ ಹಾಲ್‌ನ ಎರಡು ಟ್ಯೂಬ್‌ಲೈಟ್ ನೋಡಿದರು. ಅಡುಗೆಮನೆಯ ಲೈಟ್ ನೋಡಿದರು. ನನ್ನ ಮೇಜಿನ ದೀಪ ನೋಡಿದರು. ಲ್ಯಾಪ್‌ಟಾಪಿನ ಪರದೆಯನ್ನೂ ನೋಡಿದರು.

"ಅವ್ರು ಉಳಿಸಿದ್ದನ್ನೆಲ್ಲ ನೀನು ಇಲ್ಲಿ ಕೂತ್ಕೊಂಡು ಖರ್ಚು ಮಾಡ್ತಿದ್ದೀಯಲ್ಲವ್ವ" ಎಂದು ಬೇಜಾರಿನಿಂದ ತಲೆಯಾಡಿಸಿ ಒಂದೊಂದಾಗಿ ಲೈಟು ಆರಿಸಿಕೊಂಡು ಹೋದರು. ಅವತ್ತು ನಾನು ಕತ್ತಲಲ್ಲಿ ಕುಳಿತು ಆಸ್ಟ್ರೇಲಿಯಾದ ಬೆಳಕನ್ನು ಕಾಪಾಡಿದೆ.

ಹತ್ತೊಂಬತ್ತನೇ ಮಹಡಿಯ ಸೂರ್ಯ

ಮಾವನಿಗೆ ಇಲ್ಲಿನ ಗಡಿಯಾರದ ಮೇಲೂ ಸಿಟ್ಟಿತ್ತು. ಊರಿನಲ್ಲಿ ಬೆಳಿಗ್ಗೆ ಆರಕ್ಕೆ ಸ್ನಾನ ಮುಗಿಸಿ, ಒಂದು ಚೊಂಬು ನೀರು ಹಿಡಿದು, ಪೂರ್ವಕ್ಕೆ ತಿರುಗಿ ಸೂರ್ಯನಿಗೆ ಕೈಮುಗಿದು ಕಾಫಿ ಕುಡಿಯುವ ಅಭ್ಯಾಸ. ಇಲ್ಲಿಯೂ ಆರಕ್ಕೆ ಚೊಂಬು ಹಿಡಿದು ಬಾಲ್ಕನಿಯಲ್ಲಿ ನಿಂತರು. ಸೂರ್ಯ ಬಂದದ್ದು ಏಳೂಕಾಲಿಗೆ. ಅಲ್ಲಿಯವರೆಗೆ ಕಾಫಿ ಇಲ್ಲ. ಮಗಳು ಆನ್‌ಲೈನ್ ಕ್ಲಾಸಿಗೆ ಯೂನಿಫಾರ್ಮಿನ ಷರ್ಟು, ಕೆಳಗೆ ಪೈಜಾಮ ಹಾಕಿಕೊಂಡು ಬಂದು, "ತಾತ, ಸ್ಟಿಲ್ ಡಾರ್ಕ್ ಲಾ! ಕಮ್ ಇನ್‌ಸೈಡ್" ಎಂದು ಕರೆದರೂ ಕದಲಲಿಲ್ಲ. ಸೂರ್ಯ ಇಷ್ಟು ತಡ ಮಾಡುವುದಕ್ಕೆ ಕಾರಣ ಹೇಳಿದ್ದು ಪಕ್ಕದ ಮನೆಯ ತಮಿಳು ಆಂಟಿ. ಅವರು ಸ್ಕೂಲಿನಲ್ಲಿದ್ದಾಗ, ಇದೇ ದೇಶಕ್ಕೆ ಸೇರಿದ, ಸಮುದ್ರದಾಚೆಯ ಸಬಾ, ಸರವಾಕ್ ರಾಜ್ಯಗಳ ಸಮಯಕ್ಕೆ ಹೊಂದಿಸಬೇಕೆಂದು ಈ ಕಡೆಯ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಳ್ಳಿದರಂತೆ. ಮತ್ತೆ ಹಿಂದಕ್ಕೆ ತರಲೇ ಇಲ್ಲವಂತೆ.

"ಅಲ್ಲಿಯವ್ರೂ ತಳ್ಳವ್ರೆ, ಇಲ್ಲಿಯವ್ರೂ ತಳ್ಳವ್ರೆ. ನನ್ನ ಕಾಫಿ ಏನ್ ಪಾಪ ಮಾಡಿತ್ತು?" ಎಂದರು ಮಾವ. ಆದರೂ ಹಟ ಬಿಡಲಿಲ್ಲ. ದಿನಾ ಆರಕ್ಕೇ ಹೋಗಿ ನಿಲ್ಲುವುದು, ಸೂರ್ಯ ತಡವಾಗಿ ಬಂದರೆ ಅದು ಅವನ ತಪ್ಪು ಎನ್ನುವ ಹಾಗೆ.

ಒಂದು ವಾರ ಕಳೆದ ಮೇಲೆ ಬಾಗಿಲ ಮುಂದೆ ತಿಂಡಿ ಬರತೊಡಗಿತು. ಒಂದು ದಿನ ಎದುರು ಮನೆಯ ಮಲಯ್ ಅಜ್ಜಿಯಿಂದ ಬಾಳೆಹಣ್ಣಿನ ಬೋಂಡ. ಇನ್ನೊಂದು ದಿನ ತಮಿಳು ಆಂಟಿಯಿಂದ ಇಡಿಯಪ್ಪ. ಮೂರನೇ ದಿನ ಕೆಳಗಿನ ಮಹಡಿಯ ಚೀನೀ ಅಂಕಲ್ ಕಡೆಯಿಂದ ಒಂದು ಚೀಲ ಕಿತ್ತಳೆ. ಜೊತೆಗೆ ಒಂದು ಚೀಟಿ: "ಅಂಕಲ್, ಬಿ ಸ್ಟ್ರಾಂಗ್." ನನಗೆ ತಲೆಬುಡ ಅರ್ಥವಾಗಲಿಲ್ಲ. ಕೊನೆಗೆ ಗೇಟಿನ ಗಾರ್ಡ್ ನನ್ನ ಗಂಡನನ್ನು ತಡೆದು ಮೆಲ್ಲಗೆ ವಿಷಯ ಹೇಳಿದನಂತೆ. ಹತ್ತೊಂಬತ್ತನೇ ಮಹಡಿಯ ಮುದುಕರು ದಿನಾ ಕತ್ತಲಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಮೌನವಾಗಿ ದೂರ ನೋಡುತ್ತಾ ನಿಲ್ಲುತ್ತಾರೆ, ಪಾಪ ಊರಿನ ಚಿಂತೆಯಲ್ಲಿ ಕುಗ್ಗಿಹೋಗಿದ್ದಾರೆ ಎಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಆತಂಕವಾಗಿತ್ತಂತೆ.

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಎಂದೆ. ಮಾವ ಬೋಂಡ ಕೆಳಗಿಟ್ಟು ತಡೆದರು.

"ಒಸಿ ತಡಿಯವ್ವ. ಊರಲ್ಲಿ ಅರವತ್ತು ವರ್ಷ ಸೂರ್ಯಂಗೆ ಕೈಮುಗ್ದಿದ್ದೀನಿ, ಒಬ್ಬನೂ ಒಂದು ಇಡ್ಲಿ ತಂದುಕೊಡ್ಲಿಲ್ಲ."

ಹಸುಗಳಿಗೆ ಇಮೇಲ್ ಹೋಗಿಲ್ಲ

ಇನ್ನು ಕೆಲಸದ ಕಥೆ. ನಮ್ಮ ಮ್ಯಾನೇಜರ್ ಆಸ್ಟ್ರೇಲಿಯಾದ ಕಡಲತೀರದ ಊರಿನವರು. ಹಾಲಿನ ಡಬ್ಬದ ಮೇಲಿನ ಚಿತ್ರ ಬಿಟ್ಟರೆ ಹಸುವನ್ನು ಹತ್ತಿರದಿಂದ ಕಂಡವರಲ್ಲ. ನಮ್ಮ ದೊಡ್ಡ ಗಿರಾಕಿ ಎರಡು ರಾಜ್ಯಗಳ ಗಡಿಯಲ್ಲಿದ್ದ ಒಬ್ಬ ವಯಸ್ಸಾದ ರೈತ. ಗಡಿಯಾರ ಮುಂದಕ್ಕೆ ಹೋದ ಮಾರನೆಯ ದಿನ ಆತನ ಫೋನ್ ಬಂತು. ಆತ ಹೇಳಿದ್ದನ್ನು ಬೈಗುಳ ತೆಗೆದು ಕನ್ನಡಕ್ಕೆ ತಂದರೆ ಹೀಗೆ ('ಹುಡುಗಿಯರು' ಎಂದರೆ ಆತನ ಹಸುಗಳು):

"ನಿಮ್ಮ ಕಂಪ್ಯೂಟರ್ ಐದಕ್ಕೆ ಗೇಟು ತೆರೆಯಿತು. ನನ್ನ ಹುಡುಗಿಯರ ಲೆಕ್ಕದಲ್ಲಿ ಅದು ನಾಲ್ಕು. ಒಬ್ಬಳೂ ಏಳಲಿಲ್ಲ, ಮಲಗಿಕೊಂಡೇ ನನ್ನನ್ನು ನೋಡಿದರು. ಹಾಲಿನ ಟ್ಯಾಂಕರ್ ಮಾತ್ರ ಗಡಿಯಾರ ನೋಡಿಕೊಂಡು ಬಂದು, ಅರ್ಧ ಹಾಲು ತುಂಬಿಕೊಂಡು ಹೊರಟೇಹೋಯಿತು. ಇನ್ನೊಂದು ಸಲ ಹೀಗಾದರೆ ನಿಮ್ಮ ಸಾಫ್ಟ್‌ವೇರ್ ಕಿತ್ತು ಬಿಸಾಕುತ್ತೇನೆ."

ಪೆಟಾಲಿಂಗ್ ಜಯಾದಲ್ಲಿ ಕಂಪನಿಗೆ ನಾವು ಮೂವರಿದ್ದೆವು. ಕೊರೋನಾ ಬಂದ ಮೇಲೆ ಇಬ್ಬರನ್ನು ಆಗಲೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಈತ ಬಿಟ್ಟರೆ ನನ್ನ ಕೆಲಸವೂ ಹೋಗುತ್ತಿತ್ತು.

ಮ್ಯಾನೇಜರ್ ತುರ್ತು ಮೀಟಿಂಗ್ ಕರೆದರು. "ಗಡಿಯಾರ ಬದಲಾಗುತ್ತದೆ ಅಂತ ಸಂಬಂಧಪಟ್ಟ ಎಲ್ಲರಿಗೂ ಮೊದಲೇ ಇಮೇಲ್ ಹೋಗಿತ್ತಲ್ಲ?" ಎಂದು ಕೇಳಿದರು.

"ಹೋಗಿತ್ತು. ಹಸುಗಳಿಗೆ ಹೋಗಿಲ್ಲ" ಎಂದೆ.

ಅವರು ಅದನ್ನೂ ಗಂಭೀರವಾಗಿ ಬರೆದುಕೊಂಡರು.

ಇದೆಲ್ಲ ಕೇಳಿಸಿಕೊಳ್ಳುತ್ತಾ ಮಾವ ಸೋಫಾದ ಮೇಲೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಮೀಟಿಂಗ್ ಮುಗಿದ ಕೂಡಲೇ ಕೇಳಿದರು: "ಒಂದೇ ಸಲಕ್ಕೆ ಒಂದು ಗಂಟೆ ಎಬ್ಬಿಸಿದ್ರೆ ಯಾವ ಹಸ ಎದ್ದಾತು? ನಮ್ಮ ಸೊಸೈಟಿ ವ್ಯಾನು ಟೈಮು ಬದಲಾಯಿಸ್ದಾಗ ನಾವೇನ್ ಮಾಡ್ದೋ ಗೊತ್ತಾ? ದಿನಕ್ಕೆ ಹತ್ತತ್ತು ನಿಮಿಷ. ಆರು ದಿನಕ್ಕೆ ಸರಿಹೋಯ್ತು. ಹಸಾನೂ ಬಯ್ಯಲಿಲ್ಲ, ಜನಾನೂ ಬಯ್ಯಲಿಲ್ಲ."

ನಾನು ಅವತ್ತೇ ಗೇಟಿನ ಸಮಯವನ್ನು ಹಿಂದಿನ ಹೊತ್ತಿಗೆ ಇಟ್ಟು, ದಿನಕ್ಕೆ ಹತ್ತು ನಿಮಿಷದಂತೆ ಸರಿಯುವ ಹಾಗೆ ಬರೆದೆ. ಆ ಆರು ದಿನ ಟ್ಯಾಂಕರ್ ಸ್ವಲ್ಪ ತಡವಾಗಿ ಬರುವಂತೆ ಅದರ ಡ್ರೈವರ್‌ನನ್ನು ರೈತನೇ ಒಪ್ಪಿಸಿದ. ವಾರ ಕಳೆಯುವಷ್ಟರಲ್ಲಿ ಹಾಲು ಮೊದಲಿನಂತಾಯಿತು. ರೈತ ಫೋನ್ ಮಾಡಿ ಒಂದೂ ಬೈಗುಳವಿಲ್ಲದೆ ಮಾತಾಡಿದ. ನನಗೆ ಅಳುವೇ ಬಂತು.

ತಿಂಗಳಾದ ಮೇಲೆ ಕಂಪನಿಯಿಂದ ಎಲ್ಲ ಗಿರಾಕಿಗಳಿಗೂ ಪತ್ರ ಹೋಯಿತು: ನಮ್ಮ ಮ್ಯಾನೇಜರ್ ಆಳವಾದ ಅಧ್ಯಯನ ಮಾಡಿ 'ಹಂತಹಂತದ ಸಮಯ ಹೊಂದಾಣಿಕೆ' ಎಂಬ ಹೊಸ ಸೌಲಭ್ಯ ಕಂಡುಹಿಡಿದಿದ್ದಾರೆ! ಕೆಳಗೆ ಅವರ ಫೋಟೋ, ನಗುತ್ತಾ, ಹಿಂದೆ ಸಮುದ್ರ.

ನಾನು ಕೋಪದಿಂದ ಅದನ್ನು ಮಾವನಿಗೆ ತೋರಿಸಿದೆ. "ನಿಮ್ಮ ಹೆಸರೇ ಇಲ್ಲ ಮಾವ!"

ಮಾವ ಕನ್ನಡಕ ಹಾಕಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದರು. "ನನ್ನ ಹೆಸರು ಹೋಗ್ಲಿ ಬಿಡು. ಹಸದ ಫೋಟೋನಾದ್ರೂ ಹಾಕ್ಬಾರ್ದಿತ್ತಾ? ಇವನಿಗಿಂತ ಜಾಸ್ತಿ ಕೆಲಸ ಮಾಡೈತೆ."

ಮೂರು ಗಂಟೆಯೂ ಹೌದು, ನಾಲ್ಕು ಗಂಟೆಯೂ ಹೌದು

ಅದೇ ರೈತನ ಇನ್ನೊಂದು ಸಂಕಟ. ಆತನ ಮನೆ ರಸ್ತೆಯ ಉತ್ತರಕ್ಕೆ, ಹಾಲು ಕರೆಯುವ ಕೊಟ್ಟಿಗೆ ದಕ್ಷಿಣಕ್ಕೆ. ನಡುವಿನ ರಸ್ತೆಯೇ ರಾಜ್ಯದ ಗಡಿ. ಉತ್ತರದ ರಾಜ್ಯದವರು ಗಡಿಯಾರ ಮುಟ್ಟುವುದಿಲ್ಲ. ದಕ್ಷಿಣದವರು ಒಂದು ಗಂಟೆ ಮುಂದೆ ಹಾಕುತ್ತಾರೆ. ಹೀಗಾಗಿ ಬೇಸಿಗೆಯ ಆರು ತಿಂಗಳು ಆತ ರಸ್ತೆ ದಾಟಿದರೆ ಒಂದು ಗಂಟೆ ಕಳೆದುಹೋಗುತ್ತದೆ, ಊಟಕ್ಕೆ ಮನೆಗೆ ಬಂದರೆ ವಾಪಸ್ ಸಿಗುತ್ತದೆ. ಇಷ್ಟು ವರ್ಷ ಹೇಗೋ ನಡೆದಿತ್ತು. ಕೊರೋನಾದಲ್ಲಿ ಗಡಿಗೇ ಬೀಗ ಬಿತ್ತು. ಮನೆ ಮುಂದೆಯೇ ಪ್ಲಾಸ್ಟಿಕ್ ತಡೆಗೋಡೆ, ಒಬ್ಬ ಪೊಲೀಸ್.

ಮಧ್ಯಾಹ್ನದ ಹಾಲು ಕರೆಯಲು ಆತನಿಗೆ ಪಾಸ್ ಕೊಟ್ಟಿದ್ದರು: ಮೂರರಿಂದ ನಾಲ್ಕು. ಯಾವ ಕಡೆಯ ಮೂರು ಎಂದು ಬರೆದಿರಲಿಲ್ಲ. ಆತ ಮನೆಯ ಗಡಿಯಾರ ನೋಡಿ ಸರಿಯಾಗಿ ಮೂರಕ್ಕೆ ಹೊರಟ. ಹತ್ತು ಹೆಜ್ಜೆ ಆಚೆಗೆ ನಿಂತಿದ್ದ ಪೊಲೀಸಪ್ಪ ತನ್ನ ಗಡಿಯಾರ ನೋಡಿ, "ನಾಲ್ಕಾಯಿತು, ಪಾಸ್ ಮುಗಿಯಿತು" ಎಂದ. ಆಚೆ ಕಡೆ ಹಸುಗಳೆಲ್ಲ ಕೆಚ್ಚಲು ಬಿಗಿದು ಅರಚುತ್ತಿದ್ದವು. ರೈತ ಕೋಪದಿಂದ ನನಗೆ ಫೋನ್ ಹಚ್ಚಿ, "ನಿನ್ನ ಕಂಪ್ಯೂಟರಿನಲ್ಲಿ ನನ್ನ ಕೊಟ್ಟಿಗೆಯ ಸಮಯ ಇದೆಯಲ್ಲ, ನನ್ನ ಮನೆಯ ಸಮಯವೂ ಇದೆಯಲ್ಲ, ಈ ಮಹಾನುಭಾವನಿಗೆ ಹೇಳು" ಎಂದು ಸ್ಪೀಕರ್ ಹಾಕಿದ.

ನಾನು ಮಗಳಿಗೆ ಅನ್ನ ಸಾರು ಬಡಿಸುತ್ತಿದ್ದೆ. ಸೌಟು ಹಿಡಿದುಕೊಂಡೇ ವಿವರಿಸಿದೆ: "ಸರ್, ಆತ ನಿಂತಿರುವ ಕಡೆ ಮೂರು, ನೀವು ನಿಂತಿರುವ ಕಡೆ ನಾಲ್ಕು. ಇಬ್ಬರದೂ ಸರಿ."

"ಇಬ್ಬರದೂ ಸರಿ ಅಂದರೆ ನಾನು ರಿಜಿಸ್ಟರಿನಲ್ಲಿ ಏನು ಬರೆಯಲಿ? ನೀವು ಎಲ್ಲಿಂದ ಮಾತಾಡುತ್ತಿದ್ದೀರಿ?"

"ಮಲೇಷ್ಯಾದಿಂದ."

"ಅಲ್ಲಿ ಎಷ್ಟು?"

"ಒಂದು ಗಂಟೆ, ಸರ್."

ಆ ಕಡೆ ಪೆನ್ನಿನಲ್ಲಿ ಬರೆದುಕೊಳ್ಳುವ ಸದ್ದು ಕೇಳಿಸಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಹೊರಗಿನವರ ಮಾತಿಗೆ ಎಷ್ಟು ಬೆಲೆ ನೋಡು ಎಂದುಕೊಂಡೆ. ಆಮೇಲೆ ಪೊಲೀಸಪ್ಪ ರೈತನಿಗೆ ಹೇಳುವುದು ಕೇಳಿಸಿತು:

"ಸಾಫ್ಟ್‌ವೇರಿನವರೇ ಒಂದು ಗಂಟೆ ಅಂತಿದ್ದಾರೆ. ನಿಮ್ಮ ಪಾಸ್ ಇನ್ನೂ ಶುರುವೇ ಆಗಿಲ್ಲ. ಎರಡು ಗಂಟೆ ಕಾಯಿರಿ."

ಆಮೇಲೆ ರೈತ ಪೊಲೀಸಪ್ಪನನ್ನೇ ತಡೆಗೋಡೆಯಾಚೆಯ ಕೊಟ್ಟಿಗೆಯ ಬಾಗಿಲಿಗೆ ಕಳಿಸಿ, ಒಳಗಿನ ಗದ್ದಲ ಕೇಳಿಸಿದನಂತೆ. ಒಂದು ನಿಮಿಷ ನಿಂತು ಬಂದವನೇ ಬಾಯಿ ಮುಚ್ಚಿಕೊಂಡು ತಡೆಗೋಡೆ ಸರಿಸಿದನಂತೆ.

ವಾಪಸ್ ಬಂದ ಒಂದು ಗಂಟೆ

ಏಪ್ರಿಲ್ ಬಂತು. ಗಡಿಯಾರ ಹಿಂದಕ್ಕೆ ಹೋಯಿತು. ಇನ್ನು ಆರು ತಿಂಗಳು ಆರು ಗಂಟೆಗೆ ಡ್ಯೂಟಿ. ನನಗೆ ಆದ ಸಂತೋಷ ಹೇಳತೀರದು. ಸೋಮವಾರ ಆರರವರೆಗೆ ಹೊದ್ದು ಮಲಗುತ್ತೇನೆ, ಯಾರೂ ಎಬ್ಬಿಸಬೇಡಿ ಎಂದು ಮನೆಯವರಿಗೆಲ್ಲ ತಾಕೀತು ಮಾಡಿದೆ.

ಭಾನುವಾರ ಸಂಜೆ ಮ್ಯಾನೇಜರ್ ಅವರಿಂದ ಸಂದೇಶ: ಈ ಋತುವಿನಲ್ಲಿ ನಮಗೆಲ್ಲ ಒಂದು ಗಂಟೆ ಉಡುಗೊರೆಯಾಗಿ ಸಿಕ್ಕಿದೆ. ಅದನ್ನು ವ್ಯರ್ಥ ಮಾಡುವುದು ಬೇಡ. ಸೋಮವಾರ ಮಲೇಷ್ಯಾ ಸಮಯ ಐದಕ್ಕೆ ಎಲ್ಲ ಸಿಬ್ಬಂದಿಯೂ ವಿಶೇಷ ಉಪನ್ಯಾಸಕ್ಕೆ ಕಡ್ಡಾಯವಾಗಿ ಹಾಜರಾಗಬೇಕು.

ವಿಷಯ: ಸಾಕಷ್ಟು ನಿದ್ರೆಯ ಮಹತ್ವ.

ಮತದಾನ

ಮುಂದಿನ ಬೇಸಿಗೆಗೆ ಅಲ್ಲಿ ಚರ್ಚೆ ಮತ್ತೆ ಜೋರಾಯಿತು: ಈ ಗಡಿಯಾರ ತಿರುಗಿಸುವ ಪದ್ಧತಿ ಇರಬೇಕೋ ಬೇಡವೋ. ನಮ್ಮ ಕಂಪನಿಯೂ ತನ್ನ ಗಿರಾಕಿಗಳಿಗೆಂದು ಆನ್‌ಲೈನ್ ಚರ್ಚೆ ಇಟ್ಟಿತು. ಕೊನೆಯಲ್ಲಿ ನಮ್ಮ ಆ್ಯಪ್‌ನಲ್ಲೇ ಮತದಾನ. ವ್ಯವಸ್ಥೆ ಎಲ್ಲ ನನ್ನದು. ಮತಗಟ್ಟೆ ಸರಿಯಾಗಿ ಕೆಲಸ ಮಾಡುತ್ತದೋ ನೋಡಲು ಹಿಂದಿನ ದಿನ 'ಪರೀಕ್ಷೆಯ ರೈತ' ಎಂಬ ಸುಳ್ಳು ಖಾತೆ ತೆರೆದು, ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಇನ್ನೂ ನಮ್ಮಲ್ಲೇ ಇದ್ದ ಮಾವನ ಕೈಯಲ್ಲಿ ಒತ್ತಿಸಿ ನೋಡಿದ್ದೆ.

ಆಹ್ವಾನದಲ್ಲಿ ಮ್ಯಾನೇಜರ್ 'ಬೆಳಿಗ್ಗೆ ಹತ್ತು' ಎಂದಷ್ಟೇ ಬರೆದಿದ್ದರು. ಯಾರ ಹತ್ತು? ಗಡಿಯಾರದ ಬಗ್ಗೆಯೇ ಚರ್ಚೆ, ಅದರಲ್ಲೂ ಇದನ್ನು ಬರೆಯಬೇಕೆಂದು ಹೊಳೆಯಲಿಲ್ಲ! ದಕ್ಷಿಣದ ರೈತರು ತಮ್ಮ ಹತ್ತಕ್ಕೆ ಬಂದರು. ನಮ್ಮಲ್ಲಿ ಏಳು. ಸ್ವಲ್ಪ ಹೊತ್ತಿನ ಮೇಲೆ ಮಾವ ಸೂರ್ಯನಿಗೆ ಕೈಮುಗಿದು ಕಾಫಿ ಹಿಡಿದು ಬಂದು ಪಕ್ಕದಲ್ಲಿ ಕುಳಿತರು.

ಗಡಿಯ ರೈತ ಮೊದಲು ಮಾತಾಡಿದ. "ಹುಲ್ಲಿನ ಮೇಲಿನ ಇಬ್ಬನಿ ಒಣಗದೆ ಕೊಯ್ಯುವ ಹಾಗಿಲ್ಲ. ಇಬ್ಬನಿ ಒಣಗುವುದು ಬಿಸಿಲಿಗೆ, ಗಡಿಯಾರಕ್ಕಲ್ಲ. ಆಳುಗಳು ಮಾತ್ರ ಗಡಿಯಾರ ನೋಡಿ ಬರುತ್ತಾರೆ, ಗಡಿಯಾರ ನೋಡಿ ಹೋಗುತ್ತಾರೆ. ನಡುವೆ ಹಾಳಾಗುವ ಒಂದು ಗಂಟೆಯ ಕೆಲಸದ ನಷ್ಟ ನನ್ನದು." ಇನ್ನೊಬ್ಬ ಹೆಂಗಸು ತನ್ನ ಮಕ್ಕಳು ಮತ್ತೆ ಕತ್ತಲಲ್ಲಿ ಸ್ಕೂಲ್ ಬಸ್ಸಿಗೆ ಕಾಯಬೇಕಾಗಿದೆ ಎಂದಳು.

ಮ್ಯಾನೇಜರ್ ನಕ್ಕು, "ಆದರೆ ಇನ್ನೊಂದು ಮುಖವೂ ಇದೆಯಲ್ಲ. ಆಫೀಸು ಮುಗಿಸಿ ಬಂದರೆ ಇನ್ನೂ ಬಿಸಿಲಿರುತ್ತದೆ, ಸಮುದ್ರದ ದಡದಲ್ಲಿ ಓಡಾಡಬಹುದು. ಅಷ್ಟಕ್ಕೂ ಬರೀ ಒಂದು ಗಂಟೆ ತಾನೆ?" ಎಂದರು.

ಮಾವನಿಗೆ ಇಂಗ್ಲಿಷ್ ಅರ್ಥವಾಗುತ್ತದೆ. ಅವರು ಕಾಫಿ ಲೋಟ ಕುಕ್ಕಿ, ಮೈಕಿಗೆ ಬಾಯಿ ಹಾಕಿ ಕನ್ನಡದಲ್ಲೇ ಕೂಗಿದರು: "ದಡದಲ್ಲಿ ಓಡಾಡಬೇಕು ಅನ್ನೋನು ಒಂದು ಗಂಟೆ ಮುಂಚೆ ಎದ್ದು ಆಫೀಸಿಗೆ ಹೋಗಿ ಮುಂಚೆ ಬರ್ಲಿ! ಅವನೊಬ್ಬ ತಿರುಗಾಡಕ್ಕೆ ದೇಶದ ಹಸನೆಲ್ಲ ಯಾಕೆ ಎಬ್ಬಿಸ್ಬೇಕು?"

"ಏನಂದರು?" ಎಂದು ರೈತ ಕೇಳಿದ. ಹೇಳಿದರೆ ಕೆಲಸ ಹೋದರೂ ಹೋಗಬಹುದು. ಆದರೆ ಒಂದು ವರ್ಷ ಕತ್ತಲಲ್ಲಿ ಎದ್ದು ಕುಳಿತವಳು ನಾನು. ಒಂದಕ್ಷರ ಬಿಡದೆ ಇಂಗ್ಲಿಷಿಗೆ ಹೇಳಿದೆ. ರೈತರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಗಲಾಟೆ ಮುಗಿಯುವ ಹೊತ್ತಿಗೆ ಉತ್ತರದ ರೈತರು ತಮ್ಮ ಹತ್ತಕ್ಕೆ ಸರಿಯಾಗಿ ಬಂದು, "ಶುರುವಾಯಿತಾ?" ಎಂದು ಕೇಳಿದರು.

"ಇನ್ನೇನು ದಕ್ಷಿಣದವರ ಹನ್ನೊಂದಕ್ಕೆ ಮತದಾನ ತೆರೆಯುತ್ತದೆ, ಒಂದು ಗಂಟೆ ತೆರೆದಿರುತ್ತದೆ, ಎಲ್ಲರೂ ತಪ್ಪದೆ ಒತ್ತಿ" ಎಂದೆ. ಹನ್ನೊಂದಾಯಿತು. ಗುಂಡಿ ಬರಲಿಲ್ಲ. ಹನ್ನೊಂದೂಕಾಲಾದರೂ ಇಲ್ಲ. ರೈತರು ಬೈದುಕೊಂಡು ಹೊಲಕ್ಕೆ ಹೋದರು. ನಾನು ಎಲ್ಲ ಕಡೆ ಹುಡುಕಿದೆ, ಎಲ್ಲಿ ತಪ್ಪಿದೆ ಎಂದು ಹೊಳೆಯಲೇ ಇಲ್ಲ. ಸೋತು ಅಡುಗೆಮನೆಗೆ ಹೋದೆ.

ಮಧ್ಯಾಹ್ನ ಮ್ಯಾನೇಜರ್ ಸಿಬ್ಬಂದಿಗೆಲ್ಲ ವಿಡಿಯೋ ಸಂದೇಶ ಕಳಿಸಿದ್ದರು. ಮುಖ ಸಪ್ಪಗಿದ್ದರೂ ಮಾತು ದೊಡ್ಡದು: "ನಮ್ಮ ರೈತರು ಒಮ್ಮತದ ತೀರ್ಪು ಕೊಟ್ಟಿದ್ದಾರೆ. ಗಡಿಯಾರ ತಿರುಗಿಸುವುದಕ್ಕೆ ಶೇಕಡಾ ನೂರು ವಿರೋಧ. ಇದನ್ನು ಆ ಭಾಗದ ಜನಪ್ರತಿನಿಧಿಗೆ ಈಗಾಗಲೇ ಕಳಿಸಿದ್ದೇನೆ."

ಮತಗಟ್ಟೆಯೇ ತೆರೆಯದೆ ಯಾರು ಒತ್ತಿದರು? ಓಡಿಹೋಗಿ ನೋಡಿದೆ. ವರ್ಷವಿಡೀ ಎಲ್ಲರ ಗಡಿಯಾರವನ್ನೂ ಬೈದ ನಾನು ಮತದಾನದ ಹನ್ನೊಂದನ್ನು ಮಲೇಷ್ಯಾ ಸಮಯದಲ್ಲಿ ಇಟ್ಟಿದ್ದೆ! ರೈತರೆಲ್ಲ ಹೋಗಿ ಹೆಚ್ಚುಕಡಿಮೆ ಮೂರು ತಾಸು ಕಳೆದ ಮೇಲೆ ಮತಗಟ್ಟೆ ತೆರೆದು, ಒಂದು ಗಂಟೆ ಇದ್ದು, ಮುಚ್ಚಿಕೊಂಡಿತ್ತು. ಬಿದ್ದ ಮತ ಒಂದೇ. ಹೆಸರು: ಪರೀಕ್ಷೆಯ ರೈತ.

ಹಾಲ್‌ಗೆ ಬಂದೆ. ಮಾವ ಹಳೇ ಲ್ಯಾಪ್‌ಟಾಪಿನ ಮುಂದೆ ಕೈಕಟ್ಟಿ ಕುಳಿತಿದ್ದರು.

"ಮಾವ, ನೀವೇನಾದ್ರೂ ಒತ್ತಿದ್ರಾ?"

"ಗುಂಡಿ ಬಂತು, ಒತ್ದೆ. ನಿನ್ನೆ ನೀನೇ ಹೇಳ್ಕೊಟ್ಟಿದ್ದಲ್ವಾ?"

ನಾನು ಕೂಡಲೇ ಮ್ಯಾನೇಜರ್‌ಗೆ ನಿಜ ಬರೆದೆ: ಮತ ಹಾಕಿದ್ದು ಒಬ್ಬರೇ, ಅವರು ರೈತರ ಪೈಕಿಯೂ ಅಲ್ಲ, ಆಸ್ಟ್ರೇಲಿಯಾವನ್ನು ಕಣ್ಣಾರೆ ಕಂಡವರೂ ಅಲ್ಲ, ನನ್ನ ಮಾವ. ಹತ್ತು ನಿಮಿಷಕ್ಕೆ ಉತ್ತರ ಬಂತು: "ವರದಿಯಲ್ಲಿ ಶೇಕಡಾ ಮಾತ್ರ ಇದೆ, ಸಂಖ್ಯೆ ಇಲ್ಲ. ಜನಪ್ರತಿನಿಧಿಯ ಕಚೇರಿಯಿಂದ ಧನ್ಯವಾದವೂ ಬಂದಿದೆ. ದಯವಿಟ್ಟು ಈ ವಿಷಯ ಇಲ್ಲಿಗೇ ಬಿಡಿ."

ಮಾವನಿಗೆ ಓದಿ ಹೇಳಿದೆ. ಅವರು ಲ್ಯಾಪ್‌ಟಾಪ್ ಮಡಚಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ತೃಪ್ತಿಯಿಂದ ಎದ್ದರು.

"ನಲವತ್ತು ವರ್ಷ ಸೊಸೈಟಿ ಎಲೆಕ್ಷನ್ ನಡೆಸಿದ್ದೀನಿ ಕಣವ್ವ. ಒಂದು ಜಗಳ ಇಲ್ದೆ, ಒಂದು ಕುರ್ಚಿ ಮುರೀದೆ ನಡೆದದ್ದು ಇದೇ ಮೊದಲು."